ಸದನ ಸಮಿತಿಯ ವರದಿ ಬಂತು, ಮುಂದೇನು?

ಅರಕಲಗೂಡಿನ ಶಾಸಕರಾಗಿದ್ದ ಎ.ಟಿ. ರಾಮಸ್ವಾಮಿ ಅವರ ಹೆಸರು ಹಾಸನ ಜಿಲ್ಲೆಯಾಚೆಗೂ ಮನೆಮಾತಾದದ್ದು ಒಂದು ಸಮಿತಿಯಿಂದ. ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಜಮೀನು ಒತ್ತುವರಿ ಪರಿಶೀಲಿಸಿದ ಜಂಟಿ ಸದನ ಸಮಿತಿಗೆ ಅವರೇ ಅಧ್ಯಕ್ಷರು. 2007ರಲ್ಲಿ ಸಮಿತಿ ಮಧ್ಯಂತರ ವರದಿಗಳನ್ನು ಕೊಟ್ಟಾಗ 27 ಸಾವಿರ ಎಕರೆಗೂ ಮಿಕ್ಕಿದ ಒತ್ತುವರಿ ಬಯಲಿಗೆ ಬಂತು. ಆಮೇಲೆ ವಿ. ಬಾಲಸುಬ್ರಮಣಿಯನ್ ನೇತೃತ್ವದ ಕಾರ್ಯಪಡೆ, 2011ರ ಭೂಕಬಳಿಕೆ ನಿಷೇಧ ಕಾಯ್ದೆ, ಕೊನೆಗೆ ವಿಶೇಷ ನ್ಯಾಯಾಲಯ. ಇಷ್ಟಾಗಲು ವರ್ಷಗಳೇ ಹಿಡಿದವು. ಸಮಿತಿ ಅಧಿಕಾರಿಗಳನ್ನು ಕರೆಸಬಹುದು, ಕಡತ ತರಿಸಬಹುದು, ಶಿಫಾರಸು ಮಾಡಬಹುದು, ಶಿಕ್ಷೆ ಕೊಡಲಾಗದು. ಶಿಫಾರಸಿನ ಬೆನ್ನು ಹತ್ತುವ ಕೆಲಸ ಬಹುಪಾಲು ನಾಗರಿಕರದ್ದೇ.

ಸರ್ಕಾರದ ಖರ್ಚಿನ ಮೇಲೆ ಕಣ್ಣಿಡಲು ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿ ಇದೆ, ಸಂಸತ್ತಿನಲ್ಲೂ ವಿಧಾನಮಂಡಲದಲ್ಲೂ. ಸಂವಿಧಾನದ 151ನೇ ವಿಧಿಯಂತೆ ರಾಜ್ಯದ ಲೆಕ್ಕಗಳ ಮೇಲಿನ ಮಹಾಲೆಕ್ಕಪರಿಶೋಧಕರ (ಸಿಎಜಿ) ವರದಿ ರಾಜ್ಯಪಾಲರ ಮೂಲಕ ಸದನದ ಮುಂದೆ ಬರುತ್ತದೆ. ಅದರಲ್ಲಿನ ಆಕ್ಷೇಪಗಳಿಗೆ ಇಲಾಖೆಯ ಕಾರ್ಯದರ್ಶಿ ಈ ಸಮಿತಿಯೆದುರು ಕೂತು ಉತ್ತರ ಕೊಡಬೇಕು. ಮಂತ್ರಿಗಳು ಸದಸ್ಯರಾಗುವಂತಿಲ್ಲ. ಸಂಸತ್ತಿನಲ್ಲಿ 1967ರಿಂದಲೂ ವಿರೋಧ ಪಕ್ಷದವರೇ ಅಧ್ಯಕ್ಷರಾಗುವುದು ರೂಢಿ. 2020ರಲ್ಲಿ ಎಚ್.ಕೆ. ಪಾಟೀಲರ ಅಧ್ಯಕ್ಷತೆಯ ನಮ್ಮ ರಾಜ್ಯದ ಸಮಿತಿ ಕೊರೊನಾ ಸಲಕರಣೆ ಖರೀದಿ ಪರಿಶೀಲಿಸಲು ಸ್ಥಳಕ್ಕೆ ಹೋಗಬೇಕೆಂದಾಗ, ವಿಧಾನಸಭಾಧ್ಯಕ್ಷ ವಿಶ್ವೇಶ್ವರ ಹೆಗಡೆ ಕಾಗೇರಿ ಸ್ಥಳ ಪರಿಶೀಲನೆಗೆ ತಡೆ ಹಾಕಿದರು. ಆ ತಡೆ ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಬಿಲ್ಲು ನೋಡಿದವರು ಸಾಮಾನನ್ನೂ ನೋಡಬೇಕು.

ಚನ್ನರಾಯಪಟ್ಟಣದಲ್ಲಿ ಕೂತು ನಾವೇನು ಮಾಡಬಹುದು? ಸಿಎಜಿ ವರದಿಗಳು ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಹಾಸನ ಜಿಲ್ಲೆಯ, ನಿಮ್ಮ ತಾಲ್ಲೂಕಿನ ಪ್ರಸ್ತಾಪವಿದ್ದರೆ ಕಂಡಿಕೆ ಸಂಖ್ಯೆ ಬರೆದಿಟ್ಟುಕೊಳ್ಳಿ. ಆಮೇಲೆ ಆ ಇಲಾಖೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ‘ಯಾಕೆ ಕ್ರಮ ಕೈಗೊಂಡಿಲ್ಲ?’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ಹಿಂಬರಹ ಬರುತ್ತದೆ. ಹೀಗೆ ಬರೆಯಿರಿ: ‘ಇಂಥ ವರ್ಷದ ಸಿಎಜಿ ವರದಿಯ ಇಂಥ ಕಂಡಿಕೆಗೆ ಇಲಾಖೆ ಸಲ್ಲಿಸಿದ ಉತ್ತರದ ಪ್ರತಿ, ಅದರ ಮೇಲೆ ಹೊರಡಿಸಿದ ವಸೂಲಾತಿ ಆದೇಶದ ಪ್ರತಿ ಕೊಡಿ.’ 30 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದಲ್ಲಿ ಮೊದಲ ಮೇಲ್ಮನವಿ. ಅದೂ ಫಲಿಸದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ಸದನದಲ್ಲಿ ಇನ್ನೂ ಮಂಡನೆಯಾಗದ ಸಮಿತಿ ವರದಿಯನ್ನು ಕೇಳಿದರೆ ಹಕ್ಕುಚ್ಯುತಿಯ ಕಾರಣ ಕೊಟ್ಟು, 8(1)(ಸಿ) ಕಲಂ ಅಡಿ ನಿರಾಕರಿಸಬಹುದು. ಮಂಡನೆಯಾದದ್ದನ್ನೇ ಕೇಳಿ.

ಊರಿನ ಮಟ್ಟದಲ್ಲಿ ಇನ್ನೂ ಹತ್ತಿರದ ಅವಕಾಶ ಗ್ರಾಮ ಪಂಚಾಯಿತಿಯ ಜಮಾಬಂದಿ. ಪ್ರತಿವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ನಡೆಯುವ ಈ ಲೆಕ್ಕಪರಿಶೀಲನೆಗೆ ಊರಿನ ಯಾರು ಬೇಕಾದರೂ ಹೋಗಬಹುದು. ನಗದು ಪುಸ್ತಕದ ಜೊತೆಗೆ ಎಂ.ಬಿ. ಪುಸ್ತಕವನ್ನೂ ಕೇಳಿ, ಕಾಮಗಾರಿಯ ಅಳತೆ ಬರೆದಿರುವುದು ಅದರಲ್ಲೇ. ಚರಂಡಿಯ ಉದ್ದ, ಅಗಲ, ಆಳ ಮೂರನ್ನೂ ಬರೆದುಕೊಂಡು, ಟೇಪು ಹಿಡಿದು ಸ್ಥಳದಲ್ಲೇ ಅಳೆಯಿರಿ. ವ್ಯತ್ಯಾಸ ಕಂಡರೆ ಪುಟ ಸಂಖ್ಯೆ ಸಹಿತ ಲಿಖಿತ ಆಕ್ಷೇಪ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ದೂರು ಸಭೆ ಮುಗಿಯುವುದರೊಳಗೆ ಮರೆತುಹೋಗುತ್ತದೆ.

ಒಬ್ಬರ ಸ್ವಂತ ತಕರಾರಲ್ಲದೆ ಊರಿಗೆ, ತಾಲ್ಲೂಕಿಗೆ ಸಂಬಂಧಿಸಿದ ವಿಷಯವಾದರೆ ವಿಧಾನಸಭೆಯ ಅರ್ಜಿಗಳ ಸಮಿತಿಯ ಬಾಗಿಲೂ ಇದೆ. ನಿಮ್ಮ ಶಾಸಕರ ಮೂಲಕ ಕೊಡುವುದು ಅನುಕೂಲ. ನ್ಯಾಯಾಲಯದಲ್ಲಿರುವ ವ್ಯಾಜ್ಯವನ್ನು ಅಲ್ಲಿಗೆ ಒಯ್ಯಬೇಡಿ. ಮಾಹಿತಿ ಹಕ್ಕಿನಲ್ಲಿ ಪಡೆದ ದೃಢೀಕೃತ ಪ್ರತಿಗಳನ್ನು ಅರ್ಜಿಗೆ ಲಗತ್ತಿಸಿ.