ಒಂಬತ್ತು ತಿಂಗಳಿಗೇ ಎದೆಹಾಲು ಬತ್ತುತ್ತದೆಯೇ?

ಪ್ರಶ್ನೆ: ನನ್ನ ಮಗಳಿಗೆ ಈಗ ಒಂಬತ್ತು ತಿಂಗಳು. ಕೆಲಸಕ್ಕೆ ಹೋಗಲು ಶುರುಮಾಡಿದ ಮೇಲೆ ಎದೆ ಮೊದಲಿನಂತೆ ತುಂಬಿಕೊಳ್ಳುತ್ತಿಲ್ಲ. ಪಂಪ್ ಹಾಕಿದರೂ ಸ್ವಲ್ಪವೇ ಬರುತ್ತದೆ. ಮಗುವೂ ಐದೇ ನಿಮಿಷ ಕುಡಿದು ಬಿಡುತ್ತದೆ. ‘ಇನ್ನು ನಿನ್ನ ಹಾಲಿನಲ್ಲಿ ಸತ್ವವಿಲ್ಲ, ಡಬ್ಬಿ ಹಾಲು ಹಾಕು’ ಎನ್ನುತ್ತಾರೆ ಅತ್ತೆ. ಏನು ಮಾಡಲಿ ಡಾಕ್ಟ್ರೇ?
– ಓರ್ವ ತಾಯಿ, ಹುಬ್ಬಳ್ಳಿ

ಉತ್ತರ: ನೀವು ಹೇಳಿದ ಮೂರು ಲಕ್ಷಣಗಳಲ್ಲಿ ಯಾವುದೂ ಹಾಲು ಕಡಿಮೆಯಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಮೊದಲ ಕೆಲವು ವಾರಗಳ ನಂತರ ಎದೆ ಮಗುವಿನ ಬೇಡಿಕೆಗೆ ಹೊಂದಿಕೊಂಡು ಮೆತ್ತಗಾಗುವುದು ಸಹಜ. ಮಗು ಚೀಪಿದಷ್ಟು ಚೆನ್ನಾಗಿ ಪಂಪ್ ಹಾಲು ತೆಗೆಯಲಾರದು. ಒಂಬತ್ತು ತಿಂಗಳ ಮಗು ಬೇಗ ಕುಡಿಯುತ್ತದೆ, ಸಣ್ಣ ಸದ್ದಾದರೂ ಎದೆ ಬಿಟ್ಟು ಅತ್ತ ತಿರುಗುತ್ತದೆ. ನಿಜವಾದ ಅಳತೆ ಬೇರೆ: ದಿನಕ್ಕೆ ಐದಾರು ಬಾರಿ ತಿಳಿ ಬಣ್ಣದ ಮೂತ್ರ, ಚುರುಕಾದ ಆಟ, ತಾಯಿ ಕಾರ್ಡಿನಲ್ಲಿ ಮೇಲಕ್ಕೇರುತ್ತಿರುವ ತೂಕದ ಗೆರೆ. ಆರು ತಿಂಗಳ ನಂತರ ತೂಕ ಏರುವ ವೇಗ ಎಲ್ಲ ಮಕ್ಕಳಲ್ಲೂ ತಗ್ಗುತ್ತದೆ, ಅದಕ್ಕೆ ಹೆದರಬೇಕಿಲ್ಲ.

ಹಾಗಿದ್ದೂ ಕೆಲಸಕ್ಕೆ ಹೋಗುವ ತಾಯಂದಿರಲ್ಲಿ ಹಾಲು ನಿಜಕ್ಕೂ ಇಳಿಯಬಹುದು. ಎದೆ ಬಹಳ ಹೊತ್ತು ತುಂಬಿಯೇ ಇದ್ದರೆ ಹಾಲು ಉತ್ಪಾದನೆ ನಿಧಾನವಾಗುತ್ತದೆ, ಖಾಲಿಯಾದರೆ ಚುರುಕಾಗುತ್ತದೆ. ಎಂಟೊಂಬತ್ತು ಗಂಟೆ ಹಿಂಡದೆ ಬಿಟ್ಟು, ಆ ಹೊತ್ತಿನ ಹಸಿವಿಗೆ ಡಬ್ಬಿ ಹಾಲು ಕೊಟ್ಟರೆ ಇಳಿಕೆ ಇನ್ನೂ ಹೆಚ್ಚುತ್ತದೆ. ಆದ್ದರಿಂದ ಮದ್ದು ಎದೆಯನ್ನು ಮತ್ತೆ ಮತ್ತೆ ಖಾಲಿಮಾಡುವುದರಲ್ಲಿದೆ. ಹೊರಡುವ ಮೊದಲು, ಮನೆಗೆ ಬಂದ ಕೂಡಲೇ, ರಾತ್ರಿ ಎದ್ದಾಗಲೂ ಕುಡಿಸಿ. ಹಾಲು ಉತ್ಪಾದಿಸುವ ಪ್ರೊಲ್ಯಾಕ್ಟಿನ್ ರಾತ್ರಿಯೇ ಹೆಚ್ಚಿರುತ್ತದೆ. ಕೆಲಸದಲ್ಲಿ ಎರಡು ಬಾರಿಯಾದರೂ ಹಿಂಡಿ. ಹಿಂಡಿದ ಹಾಲು ತಂಪಾದ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್‌ನಲ್ಲಿ ನಾಲ್ಕು ದಿನ ಇರುತ್ತದೆ. ಬೇಸಿಗೆಯಲ್ಲಿ ತಡಮಾಡದೆ ಫ್ರಿಜ್‌ಗಿಡಿ. ‘ಆಫೀಸಿನಲ್ಲಿ ಇದೆಲ್ಲ ಆಗುತ್ತದೆಯೇ’ ಎನ್ನಬಹುದು. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರ ಒದಗಿಸಬೇಕು, ತಾಯಿಗೆ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಲು ಬಿಡಬೇಕು ಎಂಬುದು 2017ರ ತಿದ್ದುಪಡಿಯಿಂದ ಕಾನೂನಿನಲ್ಲೇ ಇದೆ. ಕೇಳುವುದಕ್ಕೆ ಸಂಕೋಚ ಬೇಡ.

ಸಬ್ಬಸಿಗೆ ಸೊಪ್ಪು, ಮೆಂತ್ಯ, ಬೆಳ್ಳುಳ್ಳಿ ಊಟದಲ್ಲಿ ಇರಲಿ, ಒಳ್ಳೆಯದೇ. ಆದರೆ ಅವು ಹಾಲು ಹೆಚ್ಚಿಸುತ್ತವೆ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಎದೆ ಖಾಲಿಯಾಗದೆ ಅವುಗಳಿಂದ ಫಲವೂ ಇಲ್ಲ. ಡೊಂಪೆರಿಡೋನ್ ಮಾತ್ರೆಯನ್ನು ಅಂಗಡಿಯಿಂದ ನೀವೇ ತಂದು ನುಂಗಬೇಡಿ, ಅದು ಹೃದಯದ ಬಡಿತದ ಲಯ ಕೆಡಿಸಬಹುದು. ಇನ್ನು ನಿಮ್ಮತ್ತೆಯ ಮಾತು. ಆರು ತಿಂಗಳ ನಂತರ ಎದೆಹಾಲೊಂದೇ ಸಾಲದು, ಮುಖ್ಯವಾಗಿ ಕಬ್ಬಿಣಾಂಶ ಸಾಲದು ಎಂಬಷ್ಟು ನಿಜ. ಅದಕ್ಕೆ ಪರಿಹಾರ ರಾಗಿ ಸರಿ, ಬೇಳೆ, ಸೊಪ್ಪು, ಮೊಟ್ಟೆಯಂಥ ಊಟವನ್ನು ದಿನಕ್ಕೆ ಮೂರು ನಾಲ್ಕು ಬಾರಿ ಸೇರಿಸುವುದು, ಹಾಲು ಬಿಡಿಸುವುದಲ್ಲ. ಆರರಿಂದ ಹನ್ನೆರಡು ತಿಂಗಳವರೆಗೆ ಮಗುವಿಗೆ ಬೇಕಾದ ಶಕ್ತಿಯ ಅರ್ಧ ಅಥವಾ ಹೆಚ್ಚು ಪಾಲು ಎದೆಹಾಲಿನಿಂದಲೇ ಸಿಗಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎರಡು ವರ್ಷ, ಅದರಾಚೆಗೂ ಕುಡಿಸಬೇಕೆಂಬುದು ಅದರ ಸಲಹೆ.

ಇಷ್ಟು ಮಾಡಿಯೂ ತೂಕದ ಗೆರೆ ಏರದಿದ್ದರೆ, ಮೂತ್ರ ಕಡಿಮೆಯಾಗಿ ಗಾಢವಾದರೆ ಮಕ್ಕಳ ವೈದ್ಯರಿಗೆ ತೋರಿಸಿ. ನಿಮಗೂ ತಪಾಸಣೆ ಬೇಕು: ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ, ಸೂಡೊಎಫೆಡ್ರಿನ್ ಇರುವ ನೆಗಡಿ ಮಾತ್ರೆ, ಥೈರಾಯ್ಡ್ ತೊಂದರೆ, ಹೊಸ ಗರ್ಭ ಇವೆಲ್ಲ ಹಾಲು ಇಳಿಸಬಲ್ಲವು. ಹೆಚ್ಚುವರಿ ಹಾಲು ಅಗತ್ಯವೆಂದು ವೈದ್ಯರು ಹೇಳಿದರೆ ಮೊದಲು ಎದೆಗೆ ಹಾಕಿಕೊಂಡು, ಆಮೇಲೆ ಬಾಟಲಿಯ ಬದಲು ಒಳಲೆಯಲ್ಲೋ ಪುಟ್ಟ ಲೋಟದಲ್ಲೋ ಕೊಡಿ. ಅದು ನಿಮ್ಮ ಸೋಲಲ್ಲ. ದಿನಕ್ಕೆರಡು ಬಾರಿ ಕುಡಿದ ಎದೆಹಾಲೂ ಮಗುವಿಗೆ ಲಾಭವೇ. ಮನೆಯವರಲ್ಲಿ ನನ್ನದೊಂದು ಕೋರಿಕೆ: ಹಾಲು ಸಾಲದೆಂದು ಹಂಗಿಸುವ ಬದಲು ಮನೆಗೆಲಸ ಹಂಚಿಕೊಳ್ಳಿ, ತಾಯಿಗೆ ಮಗುವಿನೊಂದಿಗೆ ಕೂರಲು ಬಿಡುವು ಮಾಡಿಕೊಡಿ.