ಸಾಲ ಮಾಡದವರಿಗೆ ಸಿಗದ ಕಂತು

ಎಲೆಕ್ಟ್ರಾನಿಕ್ಸ್ ಮಳಿಗೆಯಲ್ಲಿ ಫ್ರಿಜ್, ಟಿವಿಗಳನ್ನು ಕಂತಿನ ಮೇಲೆ ಕೊಡುವವರು ಸಾಮಾನ್ಯವಾಗಿ ಅಂಗಡಿಯವರಲ್ಲ. ಮಳಿಗೆಯ ಮೂಲೆಯಲ್ಲೊಂದು ಮೇಜು ಹಾಕಿಕೊಂಡು ಕೂತ ಫೈನಾನ್ಸ್ ಕಂಪನಿಯ ಹುಡುಗ ಗಿರಾಕಿಯ ಪ್ಯಾನ್, ಆಧಾರ್ ಸಂಖ್ಯೆಗಳನ್ನು ಮೊಬೈಲಿಗೆ ತುಂಬುತ್ತಾನೆ. ಕೆಲವೇ ನಿಮಿಷಗಳಲ್ಲಿ ಹೌದು ಅಥವಾ ಇಲ್ಲ ಎಂದು ಬರುತ್ತದೆ. ಆ ತೀರ್ಮಾನ ಅಂಗಡಿಯ ಮಾಲೀಕನ ಕೈಯಲ್ಲೂ ಇಲ್ಲ, ಆ ಹುಡುಗನ ಕೈಯಲ್ಲೂ ಇಲ್ಲ.

ಗದಗಿನ ಒಂದು ಮಳಿಗೆಯಲ್ಲಿ ಈ ಲೇಖಕನಿಗೆ ಬಂದ ಉತ್ತರ ‘ಇಲ್ಲ’. ಇಪ್ಪತ್ತು ವರ್ಷಗಳ ತಪ್ಪದ ಸಂಬಳ, ಬ್ಯಾಂಕಿನಲ್ಲಿ ಠೇವಣಿ, ಒಂದೂ ಬೌನ್ಸ್ ಆಗದ ಚೆಕ್ಕು, ಪತ್ತಿನ ಸಹಕಾರಿ ಸಂಘದಲ್ಲಿ ಹೊತ್ತಿಗೆ ಸರಿಯಾಗಿ ತೀರಿಸಿದ ಎರಡು ಸಾಲ, ತಿಂಗಳು ತಪ್ಪದೆ ಕಟ್ಟಿದ ಚೀಟಿ ಎಲ್ಲವೂ ಇದ್ದವು. “ಸಿಸ್ಟಮ್ ತಗೊಳ್ಳವಲ್ದು ಸರ್, ನಿಮ್ದು ಸಿಬಿಲ್ಲೇ ಇಲ್ರೀ” ಎಂದ ಹುಡುಗ. ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಸಾಲಕ್ಕೆ ಅಂಜಿ ಬದುಕಿದವನಿಗೆ ಆ ಮಾತು ಕಳ್ಳನೆಂದು ಕರೆದಷ್ಟು ಚುಚ್ಚಿತು.

ಅದು ಅನುಮಾನದ ಮಾತಲ್ಲವೆಂಬುದು ತಿಳಿಯಲು ಹಲವು ವಾರ ಹಿಡಿಯಿತು. ಭಾರತದಲ್ಲಿ ಸಾಲದ ಚರಿತ್ರೆಯನ್ನು ನಾಲ್ಕು ಸಂಸ್ಥೆಗಳು ಇಟ್ಟಿರುತ್ತವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ಇವು ನಡೆಯುವುದು 2005ರ ಕಾಯ್ದೆಯೊಂದರ ಅಡಿಯಲ್ಲಿ. ಅವುಗಳ ಅಂಕ 300ರಿಂದ 900ರವರೆಗೆ. ಆ ಅಂಕ ಅಳೆಯುವುದು ಸಾಲದ ವ್ಯವಹಾರವನ್ನು ಮಾತ್ರ, ಮುಖ್ಯವಾಗಿ ಪಡೆದ ಸಾಲವನ್ನು ಹೇಗೆ ತೀರಿಸಿದರೆಂಬುದನ್ನು. ಠೇವಣಿ, ಉಳಿತಾಯ, ಡೆಬಿಟ್ ಕಾರ್ಡು, ಯುಪಿಐ ಪಾವತಿ ಯಾವುದೂ ಅದರೊಳಗೆ ಬರುವುದಿಲ್ಲ. ಬ್ಯಾಂಕಿನಿಂದಾಗಲಿ ಫೈನಾನ್ಸ್ ಕಂಪನಿಯಿಂದಾಗಲಿ ಎಂದೂ ಸಾಲ ಪಡೆಯದವರ ವರದಿಯಲ್ಲಿ ಅಂಕದ ಜಾಗಕ್ಕೆ ಮೈನಸ್ 1 ಅಥವಾ ‘ಎನ್‌ಎಚ್’ ಎಂದಿರುತ್ತದೆ, ಎಂದರೆ ಚರಿತ್ರೆಯೇ ಇಲ್ಲ. ಕೆಟ್ಟ ಅಂಕ ಬೇರೆ, ಅಂಕವೇ ಇಲ್ಲದಿರುವುದು ಬೇರೆ. ಮೇಜಿನ ಮೇಲಿನ ಮೊಬೈಲು ಮಾತ್ರ ಎರಡಕ್ಕೂ ಒಂದೇ ಉತ್ತರ ಕೊಡಬಲ್ಲದು.

ಗದಗ ಸೀಮೆಯವರಿಗೆ ಇದು ಇನ್ನೂ ನೋಯುವ ಸಂಗತಿ. ದೇಶದ ಮೊದಮೊದಲ ಪತ್ತಿನ ಸಹಕಾರಿ ಸಂಘಗಳಲ್ಲೊಂದು ನೋಂದಣಿಯಾದದ್ದು 1905ರಲ್ಲಿ, ಇಲ್ಲಿಯ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ. ಅಲ್ಲಿ ಪತ್ತು ಎಂದರೆ ನೆರೆಯವರಿಗೆ ಗೊತ್ತಿರುವ ನಡತೆ. ಊರಿನ ಸಣ್ಣ ಸಂಘದಲ್ಲಿ ತೀರಿಸಿದ ಸಾಲ, ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ತಿಂಗಳಿಗೊಮ್ಮೆ ಹೊಡೆದುಹಾಕಿದ ಲೆಕ್ಕ ಇವು ಆ ನಾಲ್ಕು ಸಂಸ್ಥೆಗಳಿಗೆ ಮುಟ್ಟದಿದ್ದರೆ, ಅಷ್ಟು ವರ್ಷಗಳ ನಂಬಿಕೆ ಕಾಗದದ ಮೇಲೆ ಸೊನ್ನೆ. ಇದು ಅನ್ಯಾಯವೆಂದೇ ಈ ಲೇಖಕನ ಅಭಿಪ್ರಾಯ.

ಅಂದು ಮಳಿಗೆಯಲ್ಲಿ ಈ ಲೇಖಕನಿಂದ ಒಂದು ತಪ್ಪೂ ನಡೆಯಿತು. ಮೊದಲ ಕಂಪನಿ ಒಲ್ಲೆನೆಂದ ಮೇಲೆ ಆ ಹುಡುಗನ ಜೊತೆಗಾರರು ಇನ್ನೆರಡು ಕಂಪನಿಗಳಲ್ಲಿ ಪ್ರಯತ್ನಿಸಿದರು. ಒಪ್ಪಿ ಓಟಿಪಿ ಹೇಳಿದ್ದಾಯಿತು. ಸಾಲಕ್ಕಾಗಿ ಕಂಪನಿ ಮಾಡುವ ಪ್ರತಿ ವಿಚಾರಣೆಯೂ ವರದಿಯಲ್ಲಿ ದಾಖಲಾಗುತ್ತದೆ. ಸಾಲು ಸಾಲು ವಿಚಾರಣೆಗಳನ್ನು ಕಂಡ ಮುಂದಿನವರು, ಇವರಿಗೆ ಹಣದ ಅಡಚಣೆ ಇದೆಯೆಂದು ಓದಿಕೊಳ್ಳುತ್ತಾರೆ. ಒಮ್ಮೆ ತಿರಸ್ಕಾರವಾದರೆ ಅಲ್ಲಿಗೇ ನಿಲ್ಲಿಸಿ, ಮೊದಲು ವರದಿ ತರಿಸಿ ನೋಡುವುದು ಸರಿಯಾದ ದಾರಿ. ತನ್ನ ವರದಿಯನ್ನು ತಾನೇ ನೋಡಿಕೊಂಡರೆ ಅಂಕ ಇಳಿಯುವುದಿಲ್ಲ, ಮತ್ತು ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಪುಕ್ಕಟೆ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ.

ವರದಿ ಬಂದಾಗ ಮೊದಲು ಹೆಸರು, ಹುಟ್ಟಿದ ದಿನ, ಪ್ಯಾನ್ ಸರಿಯಾಗಿವೆಯೇ ಎಂದು ನೋಡಬೇಕು. ತೀರಿದ ಸಾಲ ಇನ್ನೂ ಬಾಕಿ ಎಂದಿರಬಹುದು. ಯಾರಿಗೋ ನಿಂತ ಜಾಮೀನು ಅಲ್ಲಿ ಕಾಣಿಸಿಕೊಳ್ಳಬಹುದು. ತಪ್ಪಿನ ದೂರು 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಕ್ರೆಡಿಟ್ ಕಾರ್ಡಿನ ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲೇ ತಿಳಿಸಬೇಕು.

ಚರಿತ್ರೆಯೇ ಇಲ್ಲದವರಿಗೆ ಸುಲಭವಾದದ್ದು ಠೇವಣಿಯನ್ನು ಭದ್ರತೆಯಾಗಿಟ್ಟು ಪಡೆಯುವ ಕ್ರೆಡಿಟ್ ಕಾರ್ಡು. ತಿಂಗಳ ದಿನಸಿ, ಕರೆಂಟ್ ಬಿಲ್ಲಿನಷ್ಟು ಮಾತ್ರ ಅದರಲ್ಲಿ ಖರ್ಚು ಮಾಡಿ, ಗಡುವಿನೊಳಗೆ ಪೂರ್ತಿ ಕಟ್ಟಿದರೆ ಬಡ್ಡಿ ಬೀಳದು. ‘ಕನಿಷ್ಠ ಮೊತ್ತ’ ಮಾತ್ರ ಕಟ್ಟುವ ಆಮಿಷಕ್ಕೆ ಬೀಳಬಾರದು. ಉಳಿದದ್ದಕ್ಕೆ ಬೀಳುವ ಬಡ್ಡಿ ಬಲು ದುಬಾರಿ. ಈ ಲೇಖಕನ ವರದಿಯಲ್ಲಿ ಮೈನಸ್ 1 ಹೋಗಿ ಅಂಕ ಮೂಡಿದ್ದು ಏಳನೆಯ ತಿಂಗಳಲ್ಲಿ. ಫ್ರಿಜ್ಜನ್ನು ಅಷ್ಟರೊಳಗೆ ನಗದು ಕೊಟ್ಟೇ ತಂದಾಗಿತ್ತು.

ಮೊದಲ ಬಾರಿ ಸಾಲ ಕೇಳುವವರ ಅರ್ಜಿಯನ್ನು ಚರಿತ್ರೆ ಇಲ್ಲವೆಂಬ ಒಂದೇ ಕಾರಣಕ್ಕೆ ತಳ್ಳಿಹಾಕಬಾರದೆಂದು ರಿಸರ್ವ್ ಬ್ಯಾಂಕ್ ಸೂಚಿಸಿರುವುದನ್ನು ಕೇಂದ್ರ ಸರ್ಕಾರ 2025ರಲ್ಲಿ ಸಂಸತ್ತಿಗೆ ತಿಳಿಸಿತು. ಆದರೆ ಕೊಡಲೇಬೇಕೆಂಬ ಕಟ್ಟುಪಾಡು ಯಾರಿಗೂ ಇಲ್ಲ. ಅಂತಿಮ ತೀರ್ಮಾನ ಇಂದಿಗೂ ಆಯಾ ಕಂಪನಿಯದೇ.