ಇಎಲ್‌ಸಿಬಿ ಆಗಾಗ ಬೀಳುತ್ತಿದೆಯೇ? ಮನೆಯವರು ಮಾಡಬೇಕಾದ್ದು, ಮಾಡಬಾರದ್ದು

ಮಳೆಗಾಲ ಶುರುವಾಯಿತೆಂದರೆ ವೈರಿಂಗ್ ಕೆಲಸದವರಾದ ನಮ್ಮ ಫೋನಿಗೆ ಬಿಡುವಿಲ್ಲ. “ಬೀದಿಗೆಲ್ಲ ಕರೆಂಟ್ ಇದೆ, ನಮ್ಮ ಮನೆಗೆ ಮಾತ್ರ ಇಲ್ಲ. ಸ್ವಿಚ್ ಎತ್ತಿದರೆ ನಿಲ್ಲುತ್ತೆ, ಗಂಟೆ ಬಿಟ್ಟು ಮತ್ತೆ ಬೀಳುತ್ತೆ.” ನಾವು ಹೋಗಿ ನೋಡುವ ಹೊತ್ತಿಗೆ ಎಲ್ಲವೂ ಸರಿಯಾಗಿರುತ್ತದೆ. ಹೀಗೆ ಬಂದು ಹೋಗುವ ದೋಷವನ್ನು ಹಿಡಿಯಲು ಮನೆಯವರ ನೆರವು ಬೇಕೇ ಬೇಕು. ಅದಕ್ಕಾಗಿ ಈ ಸೂಚನೆ. ಓದಿ, ಕತ್ತರಿಸಿ, ಡಿಬಿ ಬಾಕ್ಸಿನ (ಮನೆಯ ಎಂಸಿಬಿ ಸ್ವಿಚ್‌ಗಳಿರುವ ಪೆಟ್ಟಿಗೆಯ) ಪಕ್ಕ ಅಂಟಿಸಿಕೊಳ್ಳಿ.

ಡಿಬಿ ಬಾಕ್ಸಿನಲ್ಲಿ ‘ಟಿ’ ಎಂಬ ಸಣ್ಣ ಬಟನ್ ಇರುವ ಅಗಲ ಸ್ವಿಚ್ಚನ್ನು ಜನ ಇಂದಿಗೂ ಇಎಲ್‌ಸಿಬಿ ಎನ್ನುತ್ತಾರೆ. ಈಗ ಬರುವುದೆಲ್ಲ ಆರ್‌ಸಿಸಿಬಿ. ಫೇಸಿನಲ್ಲಿ ಹೋದಷ್ಟು ಕರೆಂಟು ನ್ಯೂಟ್ರಲ್‌ನಲ್ಲಿ ವಾಪಸು ಬಂತೇ ಎಂದು ಲೆಕ್ಕ ನೋಡುವುದೇ ಅದರ ಕೆಲಸ. ಬರಲಿಲ್ಲವೆಂದರೆ ಎಲ್ಲೋ ಸೋರುತ್ತಿದೆ ಎಂದರ್ಥ: ಒದ್ದೆ ಗೋಡೆಗೋ, ಗೀಸರಿನ ಮೈಗೋ, ಮನುಷ್ಯನ ಮೈಗೋ. ಮನೆಗೆ ಹಾಕುವುದು 30 ಮಿಲಿಆಂಪಿನದು. ಸೋರಿಕೆ 15 ದಾಟಿದ ಮೇಲೆ ಅದು ಯಾವಾಗ ಬೇಕಾದರೂ ಬೀಳಬಹುದು. 30 ಮುಟ್ಟಿದರೆ 0.3 ಸೆಕೆಂಡಿನೊಳಗೆ ಬೀಳಲೇಬೇಕು. ಬಿದ್ದಿತೆಂದರೆ ಅದು ತನ್ನ ಕೆಲಸ ಮಾಡಿದೆ. ಇನ್ನು ನಮ್ಮ ಕೆಲಸ.

ಮಾಡಬೇಕಾದ್ದು

1. ಬಿದ್ದದ್ದು ಯಾವುದು, ನೋಡಿ. ಸಣ್ಣ ಎಂಸಿಬಿ ಬಿದ್ದಿದ್ದರೆ ಲೋಡ್ ಹೆಚ್ಚಾಗಿದೆ, ಇಲ್ಲವೇ ಶಾರ್ಟ್ ಆಗಿದೆ. ಟಿ ಬಟನ್ನಿನ ಸ್ವಿಚ್ ಬಿದ್ದಿದ್ದರೆ ಸೋರಿಕೆ ಇದೆ. ಎರಡರ ಹುಡುಕಾಟವೇ ಬೇರೆ. ಫೋನ್ ಮಾಡುವಾಗ ಇದನ್ನೇ ಮೊದಲು ಹೇಳಿ.

2. ಪ್ರತಿ ಸಲವೂ ಬರೆದಿಡಿ. ಒಂದು ನೋಟ್‌ಬುಕ್ಕು, ದಾರ ಕಟ್ಟಿದ ಪೆನ್ನು. ದಿನ, ಗಂಟೆ, ಮಳೆ ಇತ್ತೇ, ಆಗ ತಾನೇ ಏನು ಹಾಕಿದಿರಿ, ಕರೆಂಟ್ ಹೋಗಿ ಬಂದಿತ್ತೇ, ಇಷ್ಟು ಸಾಕು. ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಹತ್ತು ದಿನ ತಪ್ಪದೆ ಬರೆದಿಟ್ಟರು. ಎಲ್ಲವೂ ಸಂಜೆ ಆರೂಕಾಲರಿಂದ ಆರೂವರೆ ಒಳಗೆ, ಎಲ್ಲವೂ ಮಳೆ ಬಂದ ದಿನ. ಅದು ಗೇಟಿನ ದೀಪ ಹಾಕುವ ಹೊತ್ತು. ದೀಪದ ಡೂಮ್ ಬಿಚ್ಚಿದರೆ ಒಳಗೆ ಇರುವೆಗಳು ಕೂಡಿಟ್ಟ ಒದ್ದೆ ಮಣ್ಣು, ಅದರೊಳಗೆ ಟೇಪ್ ಸಡಿಲಾದ ಜಾಯಿಂಟು. ಮೂರು ಸಲ ಬಂದು ಹೋದ ಎಲೆಕ್ಟ್ರಿಷಿಯನ್‌ಗೆ ಸಿಗದ ದೋಷ ಅಜ್ಜಿಯ ಪುಸ್ತಕದಲ್ಲಿ ಸಿಕ್ಕಿತು.

3. ಪ್ಲಗ್ಗನ್ನು ಕಿತ್ತೇ ಇಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಗೋಡೆಯ ಸ್ವಿಚ್ಚು ಸಾಮಾನ್ಯವಾಗಿ ಫೇಸನ್ನಷ್ಟೇ ಕಡಿಯುತ್ತದೆ. ನ್ಯೂಟ್ರಲ್ ಹಾಗೇ ಇರುತ್ತದೆ, ಸೋರಿಕೆಯ ದಾರಿಯೂ ಇರುತ್ತದೆ. ಎಲ್ಲ ಕಿತ್ತ ಮೇಲೆ ಒಂದೊಂದನ್ನೇ ವಾಪಸು ಹಾಕಿ. ಆಗಾಗ ಬೀಳುವ ದೋಷವಾದರೆ ಒಂದೊಂದು ಉಪಕರಣಕ್ಕೂ ಒಂದಿಡೀ ದಿನ ಕೊಡಿ. ಅವಸರ ಮಾಡಿದರೆ ನಿರಪರಾಧಿಯೇ ಸಿಕ್ಕಿಬೀಳುವುದು.

4. ನೀರು ಇಲ್ಲವೇ ಬಿಸಿ ಇರುವಲ್ಲಿ ಮೊದಲು ಹುಡುಕಿ. ಗೀಸರ್, ವಾಷಿಂಗ್ ಮಷೀನ್, ಸಂಪಿನ ಮೋಟರ್, ಇಸ್ತ್ರಿ ಪೆಟ್ಟಿಗೆ, ತಾರಸಿಯ ದೀಪ. ಗೀಸರಿನ ಕಾಯಿಲ್ ಎಂದರೆ ಲೋಹದ ಕೊಳವೆ. ತಂತಿಗೂ ಕೊಳವೆಗೂ ನಡುವೆ ಮೆಗ್ನೀಷಿಯಂ ಆಕ್ಸೈಡ್ ಪುಡಿ ತುಂಬಿರುತ್ತದೆ. ಕೊಳವೆ ಎಲ್ಲಾದರೂ ಬಿರುಕು ಬಿಟ್ಟರೆ ಪುಡಿ ತೇವ ಹೀರಿಕೊಂಡು ಸೋರಿಕೆ ಶುರು. ಫ್ರಾಸ್ಟ್ ಫ್ರೀ ಫ್ರಿಜ್ಜಿನಲ್ಲಿ ಐಸ್ ಕರಗಿಸುವ ಹೀಟರ್ ಕೆಲವು ಗಂಟೆಗೊಮ್ಮೆ ತಾನಾಗಿಯೇ ಚಾಲೂ ಆಗುತ್ತದೆ. ಎಲ್ಲರೂ ಮಲಗಿದ ಮೇಲೆ, ಯಾರೂ ಏನೂ ಮುಟ್ಟದೆ ಸ್ವಿಚ್ ಬಿದ್ದರೆ ಫ್ರಿಜ್ಜನ್ನು ಮರೆಯಬೇಡಿ.

5. ಉಪಕರಣಗಳೆಲ್ಲ ಸರಿಯಿದ್ದರೆ ಎಂಸಿಬಿಗಳ ಸರದಿ. ಎಲ್ಲ ಎಂಸಿಬಿ ಇಳಿಸಿ, ಟಿ ಬಟನ್ನಿನ ಸ್ವಿಚ್ ಎತ್ತಿ, ಒಂದೊಂದಾಗಿ ಹಾಕುತ್ತ ಬನ್ನಿ. ಯಾವುದನ್ನು ಹಾಕಿದಾಗ ಬಿತ್ತೋ ಆ ಲೈನಿನ ಮೇಲೆ ಚೀಟಿ ಅಂಟಿಸಿ, ಅದನ್ನು ಹಾಗೇ ಇಳಿಸಿಡಿ.

6. ಎಂಸಿಬಿ ಇಳಿಸಿದರೂ ಬೀಳುತ್ತಿದ್ದರೆ ನ್ಯೂಟ್ರಲ್ ಮೇಲೆ ಅನುಮಾನಪಡಿ. ಸಿಂಗಲ್ ಪೋಲ್ ಎಂಸಿಬಿಯೂ ಫೇಸನ್ನಷ್ಟೇ ಕಡಿಯುತ್ತದೆ. ಒಂದು ಮನೆಯಲ್ಲಿ ಯಾವ ಕೋಣೆಯಲ್ಲಿ ಇಸ್ತ್ರಿ ಪೆಟ್ಟಿಗೆ ಹಾಕಿದರೂ ಸ್ವಿಚ್ ಬೀಳುತ್ತಿತ್ತು. ಅವರು ಹೊಸ ಪೆಟ್ಟಿಗೆ ತಂದರು, ಅದಕ್ಕೂ ಬಿತ್ತು. ಕೊನೆಗೆ ಸಿಕ್ಕಿದ್ದು ಮಲಗುವ ಕೋಣೆಯಲ್ಲಿ: ಪರದೆಯ ರಾಡಿಗೆ ಹೊಡೆದ ಸ್ಕ್ರೂ ಗೋಡೆಯೊಳಗಿನ ಕಪ್ಪು (ನ್ಯೂಟ್ರಲ್) ತಂತಿಯ ಸಿಪ್ಪೆ ಸುಲಿದು ಪಕ್ಕದ ಹಸಿರು (ಅರ್ಥ್) ತಂತಿಗೆ ತಾಗಿತ್ತು. ಭಾರದ ಲೋಡ್ ಎಲ್ಲಿ ಹಾಕಿದರೂ ನ್ಯೂಟ್ರಲ್ ಕರೆಂಟಿನ ಒಂದು ಪಾಲು ಅಲ್ಲಿಂದ ಭೂಮಿಗೆ ಇಳಿಯುತ್ತಿತ್ತು. ನ್ಯೂಟ್ರಲ್ ತಂತಿಗಳನ್ನು ಬಿಡಿಸಿ ನೋಡುವುದು ಎಲೆಕ್ಟ್ರಿಷಿಯನ್ ಕೆಲಸ. ಅವರಿಗೇ ಬಿಡಿ.

7. ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಇರುವವರನ್ನು ಕರೆಸಿ. 500 ವೋಲ್ಟಿನ ಮೆಗ್ಗರಿನಿಂದ ಒಂದೊಂದು ಲೈನನ್ನೂ ಅಳೆಸಿ. ಇನ್ಸುಲೇಷನ್ ಕನಿಷ್ಠ 1 ಮೆಗಾಓಮ್ ಬರಲೇಬೇಕು. ಅಳೆಯುವ ಮುನ್ನ ಮೇನ್ ಆಫ್ ಆಗಿರಲಿ, ಟಿವಿ, ಕಂಪ್ಯೂಟರ್ ಎಲ್ಲದರ ಪ್ಲಗ್ ಕಿತ್ತಿರಲಿ. ಮಳೆಗೆ ಬೀಳುವ ದೋಷವನ್ನು ಮಳೆ ಬಂದ ದಿನವೇ ಅಳೆಸಿ. ಬಿಸಿಲಿಗೆ ಒಣಗಿದ ಗೋಡೆ ಸುಳ್ಳು ಹೇಳುತ್ತದೆ.

8. ಸಣ್ಣ ಸೋರಿಕೆಗಳನ್ನು ಕೂಡಿ ನೋಡಿ. ಕಂಪ್ಯೂಟರ್, ಯುಪಿಎಸ್, ವಾಷಿಂಗ್ ಮಷೀನುಗಳು ಸರಿಯಿದ್ದಾಗಲೂ ತಮ್ಮ ಫಿಲ್ಟರ್ ಮೂಲಕ ತುಸು ಕರೆಂಟನ್ನು ಅರ್ಥಿಂಗಿಗೆ ಬಿಡುತ್ತವೆ. ಇಡೀ ಮನೆ ಒಂದೇ ಆರ್‌ಸಿಸಿಬಿಯ ಮೇಲಿದ್ದರೆ ಎಲ್ಲ ಸೇರಿ 15 ಮಿಲಿಆಂಪಿನ ಹತ್ತಿರ ಬರುತ್ತದೆ, ಸಣ್ಣ ನೆಪಕ್ಕೂ ಬೀಳುತ್ತದೆ. ಲೈನುಗಳನ್ನು ಪಾಲು ಮಾಡಿ ಬೇರೆ ಬೇರೆ ಆರ್‌ಸಿಸಿಬಿ ಹಾಕಿಸುವುದೇ ಇದಕ್ಕೆ ಸರಿಯಾದ ಮದ್ದು. ಹೊಸ ಯುಪಿಎಸ್ ಹಾಕಿಸಿದ ಮೇಲೆ ತೊಂದರೆ ಶುರುವಾಗಿದ್ದರೆ ನ್ಯೂಟ್ರಲ್‌ಗಳು ಅದಲುಬದಲಾಗಿವೆಯೇ ನೋಡಿಸಿ.

9. ತಿಂಗಳಿಗೊಮ್ಮೆ ಟಿ ಬಟನ್ ಒತ್ತಿ. ಸ್ವಿಚ್ ತಕ್ಷಣ ಬೀಳಬೇಕು. ಬೀಳದಿದ್ದರೆ ಅದೇ ದಿನ ಬದಲಾಯಿಸಿ. ಈ ಬಟನ್ ಸ್ವಿಚ್ಚನ್ನಷ್ಟೇ ಪರೀಕ್ಷಿಸುತ್ತದೆ. ಅರ್ಥಿಂಗನ್ನು ಬೇರೆಯಾಗಿ ಅಳೆಸಬೇಕು.

ಮಾಡಬಾರದ್ದು

1. ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿಸಕೂಡದು. “ಈಗಿನ ಮಟ್ಟಿಗೆ ಡೈರೆಕ್ಟ್ ಕೊಟ್ಟುಬಿಡಿ, ಆಮೇಲೆ ನೋಡೋಣ” ಎನ್ನಬೇಡಿ. ಆ ‘ಆಮೇಲೆ’ ಬರುವುದಿಲ್ಲ. ಡೈರೆಕ್ಟ್ ಕೊಡುತ್ತೇನೆ ಎನ್ನುವವರನ್ನು ಬಾಗಿಲಿನಿಂದಲೇ ಕಳಿಸಿ.

2. 30ರದನ್ನು ತೆಗೆದು 100 ಅಥವಾ 300 ಮಿಲಿಆಂಪಿನದನ್ನು ಹಾಕಿಸಕೂಡದು. ಬೀಳುವುದು ನಿಲ್ಲುತ್ತದೆ, ನಿಜ. ಆದರೆ ಹಿಡಿದ ತಂತಿಯಿಂದ ಕೈ ಬಿಡಿಸಿಕೊಳ್ಳಲಾಗದಂತೆ ಸ್ನಾಯು ಬಿಗಿಯಲು ಸುಮಾರು 10 ಮಿಲಿಆಂಪ್ ಸಾಕು. 300ರದು ಬೆಂಕಿಯನ್ನು ತಡೆಯಲು ಇರುವುದು, ಜೀವವನ್ನು ಕಾಯಲು ಅಲ್ಲ.

3. ಅರ್ಥ್ ತಂತಿಯನ್ನು ಕತ್ತರಿಸಕೂಡದು, ಮೂರು ಪಿನ್ನಿನ ದಪ್ಪ ಪಿನ್ನನ್ನು ಮುರಿಯಕೂಡದು. ಹೀಗೆ ಮಾಡಿದರೆ ಸೋರಿದ ಕರೆಂಟು ಭೂಮಿಗೆ ದಾರಿ ಕಾಣದೆ ಗೀಸರಿನ ಮೈಯಲ್ಲೇ ನಿಂತಿರುತ್ತದೆ. ಮುಂದಿನ ದಾರಿ ನಲ್ಲಿ ತಿರುಗಿಸುವ ನಿಮ್ಮ ಮಗುವಿನ ಕೈ.

4. ನ್ಯೂಟ್ರಲ್ ಬದಲಿಗೆ ಅರ್ಥ್ ತಂತಿಯನ್ನು ಬಳಸಕೂಡದು. ಅಂಗಳದ ದೀಪಕ್ಕೆ ತಂತಿ ಸಾಲಲಿಲ್ಲವೆಂದು ಹೀಗೆ ಜೋಡಿಸಿದ ಮನೆಗಳಿವೆ. ಅದು ಸ್ವಿಚ್ ಬೀಳಲು ಕಾರಣವೂ ಹೌದು, ಪ್ರಾಣಕ್ಕೆ ಕುತ್ತೂ ಹೌದು.

5. ಬಿದ್ದ ಸ್ವಿಚ್ಚನ್ನು ಮತ್ತೆ ಮತ್ತೆ ಎತ್ತಬೇಡಿ. ಒಮ್ಮೆ ಎತ್ತಿ. ನಿಲ್ಲದಿದ್ದರೆ ಪ್ಲಗ್ ಕೀಳಲು ಶುರುಮಾಡಿ.

6. ಒದ್ದೆ ಕೈ, ಬರಿಗಾಲಿನಲ್ಲಿ ಡಿಬಿ ಮುಟ್ಟಬೇಡಿ. ಅದರ ಮುಚ್ಚಳವನ್ನಂತೂ ಬಿಚ್ಚಲೇಬೇಡಿ. ಆರ್‌ಸಿಸಿಬಿ ಬಿದ್ದಿದ್ದರೂ ಅದಕ್ಕೆ ಬರುವ ತಂತಿಯಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ. ಟೆಸ್ಟರ್ ಹೊಳೆಯಲಿಲ್ಲವೆಂದು ತಂತಿ ಹಿಡಿಯಬೇಡಿ.

7. “ಸ್ವಲ್ಪ ಜುಮ್ ಅನ್ನುತ್ತೆ ಅಷ್ಟೇ” ಎಂದು ಸುಮ್ಮನಿರಬೇಡಿ. ನಲ್ಲಿಯಲ್ಲಿ, ಫ್ರಿಜ್ಜಿನ ಹಿಡಿಯಲ್ಲಿ, ಗ್ರೈಂಡರಿನ ಮೈಯಲ್ಲಿ ಜುಮ್ ಎಂದರೆ ಅದೇ ಕ್ಷಣ ಮೇನ್ ಆಫ್. ಆಮೇಲೆ ಎಲೆಕ್ಟ್ರಿಷಿಯನ್‌ಗೆ ಫೋನ್.

8. ಆರ್‌ಸಿಸಿಬಿ ಇದೆಯೆಂದು ಮೈಮರೆಯಬೇಡಿ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವರನ್ನು ಅದು ಕಾಯದು. ಹೋದ ಕರೆಂಟು ಅವರ ಮೈ ಹಾದು ಲೆಕ್ಕಕ್ಕೆ ಸರಿಯಾಗಿ ವಾಪಸು ಬರುತ್ತದೆ.

9. ಮೊದಲ ಹೆಜ್ಜೆಯಲ್ಲೇ ಹೊಸ ಆರ್‌ಸಿಸಿಬಿ ಹಾಕಿಸಬೇಡಿ. ಹೊರಹೋಗುವ ಫೇಸ್, ನ್ಯೂಟ್ರಲ್ ಎರಡನ್ನೂ ಬಿಡಿಸಿದ ಮೇಲೂ ಬಿದ್ದರೆ ಮಾತ್ರ ಅದರ ಮೇಲೆ ತಪ್ಪು ಹೊರಿಸಿ.

10. ಮೀಟರ್, ಸರ್ವಿಸ್ ತಂತಿ, ಕಂಬ ಯಾವುದನ್ನೂ ಮುಟ್ಟಬೇಡಿ. ಅಲ್ಲಿ ಕಿಡಿ ಕಂಡರೆ, ಸುಟ್ಟ ವಾಸನೆ ಬಂದರೆ ದೂರ ನಿಂತು 1912ಕ್ಕೆ ಫೋನ್ ಮಾಡಿ.

ಕೊನೆಯದಾಗಿ, ರಿಪೇರಿ ಮುಗಿಸಿ ಕೈ ಒರೆಸಿಕೊಳ್ಳುವ ಎಲೆಕ್ಟ್ರಿಷಿಯನ್‌ಗೆ ಒಂದೇ ಪ್ರಶ್ನೆ ಕೇಳಿ: “ಏನು ಸಿಕ್ಕಿತು, ತೋರಿಸಿ.” ಸುಟ್ಟ ಜಾಯಿಂಟೋ, ಒಡೆದ ಕಾಯಿಲೋ, ಸಿಪ್ಪೆ ಸುಲಿದ ತಂತಿಯೋ, ಮೆಗ್ಗರಿನ ಮೊದಲಿನ ಅಂಕಿ, ಈಗಿನ ಅಂಕಿಯೋ ಏನಾದರೊಂದು ನಿಮ್ಮ ಕಣ್ಣಿಗೆ ಬೀಳಬೇಕು. “ಏನೂ ಸಿಗಲಿಲ್ಲ, ಈಗ ಬೀಳುತ್ತಿಲ್ಲ” ಎಂದರೆ ಕೆಲಸ ಮುಗಿದಿಲ್ಲ. ನೋಟ್‌ಬುಕ್ಕನ್ನು ಅಲ್ಲೇ ತೂಗುಹಾಕಿ, ಬರೆಯುವುದನ್ನು ಮುಂದುವರಿಸಿ.